ನೆಮ್ಮದಿ ಅಂದ್ರೆ ಏನ್ರೀ ಆಚಾರ್ರೇ?

ಮರಗೆಲಸದ ಬಗ್ಗೆ ಓದುಗರ ಪ್ರಶ್ನೆ, ಸಾಗರದ ಬಡಗಿಯೊಬ್ಬರ ಉತ್ತರ

ತಪ್ಪು ನನ್ನದೇ. ಹೋದ ತಿಂಗಳು ಗೆದ್ದಲಿನ ಬಗ್ಗೆ ಬರೆಯುತ್ತಾ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: ‘ಮಳೆಗಾಲದಲ್ಲಿ ದುಡ್ಡು ಕಡಿಮೆ, ಆದರೂ ವರ್ಷದಲ್ಲಿ ನನಗೆ ತುಂಬಾ ಸುಖದ ಕಾಲ ಅದೇ.’ ಗೆದ್ದಲನ್ನು ಎಲ್ಲರೂ ಮರೆತರು. ಈ ಸಲ ಬಂದ ಇಪ್ಪತ್ತಮೂರು ಪತ್ರಗಳಲ್ಲಿ ಹದಿನಾಲ್ಕು ಆ ಒಂದು ಸಾಲಿನ ಬೆನ್ನು ಹತ್ತಿವೆ. ಸುಖ ಅಂದ್ರೆ ಹೇಗೆ, ಸಂಪಾದನೆ ಎಷ್ಟು, ನಾವೂ ಕಲಿಯಬಹುದಾ, ನಿಮ್ಮ ಹೆಂಡತಿ ಏನು ಹೇಳುತ್ತಾರೆ... ಗೊಣಗು ಅಂದರೆ ಚೆನ್ನಾಗಿ ಗೊಣಗುತ್ತೇನೆ, ಸುಖದ ಬಗ್ಗೆ ಅಷ್ಟು ಮಾತು ಬರುವುದಿಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ. ನಡುವೆ ಮೇಜು, ಮಂಚದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಇಲ್ಲದಿದ್ದರೆ ಸಂಪಾದಕರು ನನ್ನನ್ನು ಪ್ರವಚನದ ಪುಟಕ್ಕೆ ಕಳಿಸಿಬಿಟ್ಟಾರು.

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಹದಿನೇಳು ವರ್ಷವಾಯಿತು. ಎರಡು ವರ್ಷದಿಂದ ಶನಿವಾರ, ಭಾನುವಾರ ಬಾಲ್ಕನಿಯಲ್ಲಿ ಮರಗೆಲಸ ಮಾಡುತ್ತಿದ್ದೇನೆ. ಎರಡು ಸ್ಟೂಲು, ಒಂದು ಪುಸ್ತಕದ ಕಪಾಟು ಆಗಿದೆ. ಅಮೆರಿಕದ ಹೆಸರಾಂತ ಮರಗೆಲಸಗಾರ ಜಾರ್ಜ್ ನಕಾಶಿಮಾ ಬಗ್ಗೆ ಓದಿದ ಮೇಲೆ ಕೆಲಸ ಬಿಟ್ಟು ಇದನ್ನೇ ಹಿಡಿಯೋಣ ಅನಿಸುತ್ತಿದೆ. ಮರ ಮುಟ್ಟಿದರೆ ಮನಸ್ಸು ತಣ್ಣಗಾಗುತ್ತದೆ. ನಿಮಗೆ ಈ ಬದುಕಿನಲ್ಲಿ ನಿಜವಾಗಿಯೂ ನೆಮ್ಮದಿ ಇದೆಯಾ? ಮುಚ್ಚಿಡದೆ ಹೇಳಿ.

ಉತ್ತರ: ಇದೆ ಸ್ವಾಮಿ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ಮೊದಲು ಲೆಕ್ಕ ಕೇಳಿ. ಒಂದು ಆರಾಮ ಕುರ್ಚಿಗೆ ನನಗೆ ಆರು ದಿನ ಬೇಕು. ಬೆತ್ತ ಹೆಣೆಯುವವರದ್ದು ಎರಡು ದಿನ ಬೇರೆ. ನಮ್ಮ ಕಡೆ ಮನೆ ಕಟ್ಟುವಲ್ಲಿ ಕೂಲಿಗೆ ಹೋಗುವ ಬಡಗಿಗೆ ದಿನಕ್ಕೆ ಸಾವಿರದ ಮೇಲೆ ಸಿಗುತ್ತದೆ. ಅದೇ ಲೆಕ್ಕ ಹಾಕಿ ಕುರ್ಚಿಗೆ ಬೆಲೆ ಹೇಳಿದರೆ, ಬಂದವರು ಜೇಬಿನಿಂದ ಮೊಬೈಲ್ ತೆಗೆದು ಮೂರೂವರೆ ಸಾವಿರದ ಕುರ್ಚಿ ತೋರಿಸುತ್ತಾರೆ. ‘ಇದೂ ಮರದ್ದೇ ಅಲ್ವಾ?’ ಅಂತಾರೆ. ಮರದ್ದೇ, ಪುಡಿ ಮಾಡಿ ಅಂಟಿಸಿದ ಮರ. ನಾನು ವಾದ ಮಾಡುವುದು ಬಿಟ್ಟು ಹತ್ತು ವರ್ಷವಾಯಿತು.

ಹೋದ ವರ್ಷ ನನ್ನ ಕೈಯಿಂದ ಹೋದದ್ದು ಒಂಬತ್ತು ಕುರ್ಚಿ, ಎರಡು ಮಂಚ, ಒಂದು ತೊಟ್ಟಿಲು, ಮೂರು ಮೇಜು. ಅಷ್ಟರಿಂದ ಸಂಸಾರ ನಡೆಯುವುದಿಲ್ಲ. ಹೆಚ್ಚುಕಡಿಮೆ ಅರ್ಧ ಸಂಪಾದನೆ ರಿಪೇರಿಯದು: ಮಳೆಗೆ ಬಿಗಿದುಕೊಂಡ ಬಾಗಿಲು, ಅಲ್ಲಾಡುವ ಮಂಚದ ಕಾಲು, ಇಲಿ ಕಡಿದ ಅಕ್ಕಿ ಪೆಟ್ಟಿಗೆ. ದೊಡ್ಡ ಆರ್ಡರ್ ಅಂತ ಒಮ್ಮೆ ಒಂದು ರೆಸಾರ್ಟಿನವರಿಗೆ ಹನ್ನೆರಡು ಕುರ್ಚಿ ಮಾಡಿಕೊಟ್ಟೆ. ಎಂಟರ ದುಡ್ಡು ಬಂತು. ಉಳಿದ ನಾಲ್ಕರದ್ದು ಇನ್ನೂ ಬರಬೇಕು. ಅವುಗಳ ಮೇಲೆ ಇವತ್ತೂ ಯಾರೋ ಕೂತು ಕಾಫಿ ಕುಡಿಯುತ್ತಿರುತ್ತಾರೆ.

ಇನ್ನು ಮೈ. ನನ್ನ ಎಡಗೈ ತೋರುಬೆರಳಿಗೆ ಉಗುರಿಲ್ಲ. 2004ರಲ್ಲಿ ಪ್ಲೇನರ್ ಮೆಷಿನ್ನಿಗೆ ಕೊಟ್ಟೆ. ಸೊಂಟ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮಾತು ಕೇಳುವುದಿಲ್ಲ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಮೂಗಿನ ಒಳಭಾಗಕ್ಕೆ ಬರುವಂಥದ್ದು. ನೀವು ಬಾಲ್ಕನಿಯಲ್ಲೂ ಮಾಸ್ಕ್ ಹಾಕಿಕೊಂಡೇ ಉಜ್ಜಿ. ನಾನು ಹಾಕಲು ಶುರು ಮಾಡಿದ್ದು ತಡವಾಗಿ.

ಮರ ಮುಟ್ಟಿದರೆ ಮನಸ್ಸು ತಣ್ಣಗಾಗುತ್ತದೆ ಅಂದಿರಿ. ನಿಮಗೆ ಆಗುತ್ತದೆ, ಯಾಕಂದ್ರೆ ತಿಂಗಳ ಕೊನೆಗೆ ಸಂಬಳ ಹಾಕುವವರು ಬೇರೆ ಇದ್ದಾರೆ. ನನಗೆ ಗರಗಸ ಹಿಡಿದಾಗ ಜಾಸ್ತಿ ಬರುವುದು ಎಚ್ಚರ, ಅದರ ಹಿಂದೆ ಸ್ವಲ್ಪ ಹೆದರಿಕೆ. ಇಪ್ಪತ್ತು ವರ್ಷ ಅಟ್ಟದ ಮೇಲೆ ಒಣಗಿಸಿದ ಹಲಗೆ ಒಂದು ಗೆರೆ ತಪ್ಪಿದರೆ ಸೌದೆ.

ಹಾಗಾದರೆ ಸುಖ ಎಲ್ಲಿ? ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ. ಹೋದ ವರ್ಷ ಪುನರ್ವಸು ಮಳೆ. ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ನಿಂತವರು ಮಾತಾಡಿದರೂ ಕೇಳುವುದಿಲ್ಲ. ಒಬ್ಬ ಮೇಷ್ಟರಿಗೆ ಹಲಸಿನ ಮರದ ಬರೆಯುವ ಮೇಜು. ಮೇಲ್ಗಡೆ ಅಕ್ಕಪಕ್ಕ ಎರಡು ಡ್ರಾಯರ್. ಗೂಡು ಆಗಿತ್ತು, ಡ್ರಾಯರ್ ಆಗಿತ್ತು, ಕೂರಿಸುವುದು ಬಾಕಿ.

ಕೂರಿಸುವುದು ಅಂದರೆ ಹೀಗೆ. ಡ್ರಾಯರನ್ನು ಗೂಡಿಗೆ ತಳ್ಳಿದರೆ ಅರ್ಧಕ್ಕೆ ನಿಲ್ಲುತ್ತದೆ. ಜೋರು ಮಾಡಬಾರದು. ಹೊರಗೆ ತೆಗೆದು, ಬಾಗಿಲ ಬೆಳಕಿಗೆ ಹಿಡಿದು ಪಕ್ಕದ ಹಲಗೆ ನೋಡಬೇಕು. ಎಲ್ಲಿ ಉಜ್ಜಿದೆಯೋ ಅಲ್ಲಿ ಸಣ್ಣ ಹೊಳಪಿನ ಗೆರೆ ಬಿದ್ದಿರುತ್ತದೆ. ಆ ಗೆರೆಯ ಮೇಲೆ ಮಾತ್ರ ಮರ ಹೆರೆಯುವ ಹತ್ತರಿಯನ್ನು ಒಂದು ಸಲ ಎಳೆಯಬೇಕು. ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಬರಬೇಕು. ಮತ್ತೆ ತಳ್ಳು, ಮತ್ತೆ ತೆಗೆ, ಮತ್ತೆ ಬೆಳಕಿಗೆ ಹಿಡಿ. ಹೀಗೆ ಇಪ್ಪತ್ತು, ಇಪ್ಪತ್ತೈದು ಸಲ. ಒಂದು ಎಳೆತ ಜಾಸ್ತಿಯಾದರೆ ಡ್ರಾಯರ್ ಗೂಡಿನಲ್ಲಿ ಕುಲುಕುತ್ತದೆ, ವಾಪಸ್ ಅಂಟಿಸಲು ಬರುವುದಿಲ್ಲ. ಕೊನೆಗೆ ತಳಕ್ಕೆ ಮೇಣದಬತ್ತಿ ಉಜ್ಜಿ, ಎಡಗಡೆ ಡ್ರಾಯರನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಅದು ಒಳಗೆ ಹೋಯಿತು. ಬಲಗಡೆಯದು ತಾನಾಗಿ ನಾಲ್ಕು ಬೆರಳು ಹೊರಗೆ ಬಂತು.

ಯಾರೂ ಮುಟ್ಟಿಲ್ಲ. ಸುತ್ತ ಸಂದಿ ಇಲ್ಲದೆ ಕೂತಾಗ ಒಳಗಿನ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಅದು ಪಕ್ಕದ ಡ್ರಾಯರನ್ನು ತಳ್ಳುತ್ತದೆ, ಅಷ್ಟೇ. ಬಲದ್ದನ್ನು ತಳ್ಳಿದೆ, ಎಡದ್ದು ಹೊರಗೆ ಬಂತು. ಐವತ್ತೆಂಟು ವರ್ಷದ ಮನುಷ್ಯ, ಮಗುವಿನ ಹಾಗೆ ಹತ್ತು ಹನ್ನೆರಡು ಸಲ ಆ ಆಟ ಆಡಿದೆ. ಕಾಫಿಗೆ ಕರೆದದ್ದು ಮಳೆ ಸದ್ದಿಗೆ ಕೇಳಲಿಲ್ಲ ಅಂತ ಮನೆಯಲ್ಲಿ ಸುಳ್ಳು ಹೇಳಿದೆ. ಮೇಷ್ಟರು ಆ ಮೇಜಿನಲ್ಲಿ ಇದನ್ನು ಗಮನಿಸಿದ್ದಾರೋ ಇಲ್ಲವೋ, ನಾನು ಕೇಳಲಿಲ್ಲ.

ಇದು ಮಳೆಗಾಲದ್ದೇ ಕೆಲಸ ಯಾಕೆ ಅಂದರೆ, ಆಗ ಮರ ನೀರಿನ ಪಸೆ ಕುಡಿದು ಪೂರ್ತಿ ಉಬ್ಬಿರುತ್ತದೆ. ಉಬ್ಬಿದಾಗ ಸರಿಯಾಗಿ ಕೂತದ್ದು ಬೇಸಿಗೆಯಲ್ಲಿ ಸ್ವಲ್ಪ ಸಡಿಲವಾಗುತ್ತದೆ, ತೊಂದರೆ ಇಲ್ಲ. ಏಪ್ರಿಲ್‌ನಲ್ಲಿ ಇಷ್ಟೇ ಬಿಗಿಯಾಗಿ ಕೂರಿಸಿದರೆ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಡ್ರಾಯರ್ ಕಚ್ಚಿಕೊಂಡು, ಎಳೆದವರ ಕೈಗೆ ಹಿಡಿಕೆ ಮಾತ್ರ ಬರುತ್ತದೆ. ಮನೆ ಕಟ್ಟುವವರು ಮಳೆಗಾಲದಲ್ಲಿ ನನ್ನನ್ನು ಕರೆಯುವುದಿಲ್ಲ. ಆದ್ದರಿಂದ ದುಡ್ಡು ಕಡಿಮೆ. ಡ್ರಾಯರ್ ಎಲ್ಲ ಆಗಲೇ ಕೂರಿಸುತ್ತೇನೆ. ಹೋದ ತಿಂಗಳ ಆ ಸಾಲಿನ ಅರ್ಥ ಇಷ್ಟೇ ಇತ್ತು.

ನಕಾಶಿಮಾ ವಿಷಯ ಎತ್ತಿದ್ದೀರಿ. ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದ ಆರ್ಕಿಟೆಕ್ಟ್. 1930ರ ದಶಕದಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ್ ಕಟ್ಟಡದ ಕೆಲಸಕ್ಕೆ ಬಂದು ಆಶ್ರಮವಾಸಿಯೇ ಆಗಿದ್ದರು. ಸುಂದರಾನಂದ ಅಂತ ಹೆಸರೂ ಸಿಕ್ಕಿತ್ತು. ಎಲ್ಲರೂ ಹೇಳುವುದು ಈ ಭಾಗ. ನನಗೆ ಹಿಡಿಸುವುದು 1942. ಯುದ್ಧದ ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಅಮೆರಿಕ ಸರ್ಕಾರ ಶಿಬಿರಗಳಿಗೆ ತಳ್ಳಿತು. ಇವರೂ ಹೆಂಡತಿ, ಹಸುಗೂಸಿನ ಜೊತೆ ಐಡಹೋ ರಾಜ್ಯದ ಮಿನಿಡೋಕಾ ಶಿಬಿರಕ್ಕೆ ಹೋದರು. ಅಲ್ಲಿ ಗೆಂಟಾರೋ ಹಿಕೋಗಾವಾ ಅಂತ ಜಪಾನಿ ಪದ್ಧತಿಯ ಬಡಗಿ ಸಿಕ್ಕರು. ದೊಡ್ಡ ದೊಡ್ಡ ಕಟ್ಟಡ ನೋಡಿಬಂದ ಮನುಷ್ಯ, ಮೂವತ್ತೇಳನೇ ವಯಸ್ಸಿನಲ್ಲಿ, ಮುಳ್ಳುತಂತಿಯ ಒಳಗೆ, ಸಿಕ್ಕ ಚೂರುಪಾರು ಮರದಲ್ಲಿ ಜೋಡಣೆ ಕಲಿಯಲು ಇನ್ನೊಬ್ಬರ ಕೈಕೆಳಗೆ ನಿಂತರು. ಶಾಂತಿ ಸಿಗಲಿ ಅಂತ ಆಗ ಉಳಿ ಹಿಡಿದಿರಲಾರರು. ಮಾಡಲು ಕೆಲಸ ಬೇಕಿತ್ತು, ಚೆನ್ನಾಗಿ ಮಾಡುವವರೊಬ್ಬರು ಪಕ್ಕದಲ್ಲಿದ್ದರು.

ಈಗ ನಿಮಗೆ ನನ್ನ ಸಲಹೆ. ಕೆಲಸ ಬಿಡಬೇಡಿ. ಒಂದೇ ಥರದ ನಾಲ್ಕು ಊಟದ ಕುರ್ಚಿ ಮಾಡಿ. ಮೊದಲನೆಯದು ಮಾಡುವಾಗ ಖುಷಿ, ಅದು ಎಲ್ಲರಿಗೂ ಆಗುತ್ತದೆ. ಎರಡನೆಯದರಲ್ಲಿ ಮೊದಲನೆಯದರ ತಪ್ಪು ತಿದ್ದುತ್ತೀರಿ. ಮೂರನೆಯದು ಬೇಜಾರು. ನಾಲ್ಕನೆಯದರ ಹಿಂಗಾಲಿಗೆ ತೂತು ಕೊರೆಯುವಾಗ ನಿಮ್ಮ ಮನಸ್ಸು ಎಲ್ಲಿತ್ತು ಅಂತ ನೋಡಿಕೊಳ್ಳಿ. ಆಮೇಲೆ ಆ ನಾಲ್ಕನ್ನೂ ಪರಿಚಯ ಇಲ್ಲದವರಿಗೆ ಮಾರಿ. ನೆಂಟರು, ಸ್ನೇಹಿತರು ಲೆಕ್ಕಕ್ಕಿಲ್ಲ. ಅವರು ಅಲ್ಲಾಡುವ ಕುರ್ಚಿಯಲ್ಲೂ ಕೂತು ಚೆನ್ನಾಗಿದೆ ಅಂತಾರೆ. ಮಾರಿ ಬಂದ ದುಡ್ಡನ್ನು ದಿನಕ್ಕೆ ಭಾಗಿಸಿ, ಮನೆಯವರ ಮುಂದಿಡಿ. ಅದಾದ ಮೇಲೂ ಐದನೇ ಕುರ್ಚಿಗೆ ಕೈ ತುರಿಸಿದರೆ ನನಗೆ ಬರೆಯಿರಿ.

ಪ್ರಶ್ನೆ: ನಮ್ಮಪ್ಪ ಬಡಿಗೇರ. ಕೂರಿಗಿ, ಕುಂಟಿ, ಚಕ್ಕಡಿ ಎಲ್ಲಾ ಮಾಡ್ತಿದ್ರು. ಈಗ ಟ್ರ್ಯಾಕ್ಟರ್ ಬಂದು ಆ ಕೆಲಸ ಹೋತು. ನಾನು ಐಟಿಐ ಕಾರ್ಪೆಂಟರ್ ಮುಗಿಸೇನಿ. ‘ಇದರಾಗ ಏನೈತಿ, ಫ್ಯಾಕ್ಟರಿಗೆ ಹೋಗು’ ಅಂತಾರ ಅಪ್ಪ. ಏನ್ ಮಾಡ್ಲಿ? (ಹಾವೇರಿ ಜಿಲ್ಲೆಯಿಂದ)

ಉತ್ತರ: ತಮ್ಮಾ, ನಿಮ್ಮಪ್ಪನ ಮಾತಿನಲ್ಲಿ ಕಹಿ ಇದೆ, ಸುಳ್ಳಿಲ್ಲ. ಅವರ ಕಾಲದಲ್ಲಿ ಸುಗ್ಗಿ ಬಂದಾಗ ಕಣದಿಂದ ಆಯ ಬರುತ್ತಿತ್ತು. ವರ್ಷವಿಡೀ ಊರಿನವರ ಕೂರಿಗೆ, ನೇಗಿಲು ನೋಡಿಕೊಂಡಿದ್ದಕ್ಕೆ ಇಷ್ಟು ಜೋಳ ಅಂತ. ಅದನ್ನು ಈಗ ಬಹಳ ಚಂದ ಮಾಡಿ ಹೇಳುವವರಿದ್ದಾರೆ. ಮಳೆ ಕೈಕೊಟ್ಟ ವರ್ಷ ರೈತನ ಕಣವೂ ಖಾಲಿ, ಬಡಿಗೇರನ ಚೀಲವೂ ಖಾಲಿ. ಬೆಲೆ ಇಷ್ಟು ಅಂತ ಬಾಯಿಬಿಟ್ಟು ಕೇಳುವ ಹಾಗೆಯೂ ಇರಲಿಲ್ಲ. ನೀನು ಕೇಳಬಹುದು. ಅದೇ ದೊಡ್ಡ ವ್ಯತ್ಯಾಸ.

ಪ್ಲೈವುಡ್ ಕೆಲಸವನ್ನು ಕೀಳಾಗಿ ನೋಡಬೇಡ. ಹೊಸ ಮನೆಯ ಅಡುಗೆಮನೆ ಕಪಾಟಿನಲ್ಲಿ ದುಡ್ಡಿದೆ, ಅದನ್ನು ಮಾಡು. ಜೊತೆಗೆ ವಾರದಲ್ಲಿ ಒಂದು ದಿನ ಅಪ್ಪನ ಪಕ್ಕ ಕೂತು ಗಟ್ಟಿ ಮರದ ಕೆಲಸ ಕಲಿ. ಬಾಚಿಯಲ್ಲಿ ಗೆರೆ ಹಿಡಿದು ಕೆತ್ತುವುದು ಐಟಿಐಯಲ್ಲಿ ಬರುವುದಿಲ್ಲ. ಚಕ್ಕಡಿ ಗಾಲಿಗೆ ಹನ್ನೆರಡು ಅರೆಕಾಲು, ಅಂದರೆ ನಡುವಿನ ಕಡ್ಡಿ, ಕೂರಿಸಿದ ಕೈಗೆ ದುಂಡನೆ ಮೇಜು ಏನೂ ಅಲ್ಲ. ಅಪ್ಪನಿಗೆ ಅದು ಹೊಳೆದಿಲ್ಲ, ನೀನು ಹೇಳಬೇಕು.

ದುಡ್ಡಿನ ವಿಷಯಕ್ಕೆ: ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಹದಿನೆಂಟು ಕಸುಬುಗಳಲ್ಲಿ ಬಡಗಿಯದೂ ಒಂದು. ಐದರಿಂದ ಏಳು ದಿನದ ತರಬೇತಿ, ಆಗ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಶೇಕಡ 5ರ ಬಡ್ಡಿಗೆ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಆದ್ದರಿಂದ ಅಪ್ಪನ ಹೆಸರೋ ನಿನ್ನದೋ ಅಂತ ಮನೆಯಲ್ಲಿ ಮೊದಲು ತೀರ್ಮಾನ ಮಾಡಿಕೊಳ್ಳಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮೆಷಿನ್ ಮೇಲೆ ಮರಗೆಲಸದ ತರಬೇತಿಯೂ ಕೊಡುತ್ತಾರೆ. ವಿಚಾರಿಸು. ಸಲಕರಣೆಯ ದುಡ್ಡು ಬಂದರೆ ಮೊದಲು ಕಾಲಿಂಚು, ಅರ್ಧ ಇಂಚು, ಒಂದು ಇಂಚು, ಹೀಗೆ ಮೂರು ಒಳ್ಳೆ ಉಳಿ, ಒಂದು ಸಾಣೆಕಲ್ಲು ತಗೋ. ಮುಂಗೈ ಕೂದಲು ಬೋಳಿಸುವಷ್ಟು ಉಳಿ ಹರಿತ ಮಾಡಲು ಬಂದ ದಿನ ಅಪ್ಪನಿಗೆ ತೋರಿಸು. ಮಾತು ಬೇಡ, ಸುಮ್ನೆ ಕೈಗೆ ಕೊಡು.

ಪ್ರಶ್ನೆ: ನಿಮ್ಮ ಊರಿನ ಕಡೆಯಿಂದಲೇ ಮಾಡಿಸಿಕೊಂಡು ಬಂದ ತೇಗದ ಊಟದ ಮೇಜು, ಬಳ್ಳಾರಿಯ ನಮ್ಮ ಮನೆಯಲ್ಲಿ ಯುಗಾದಿ ಹೊತ್ತಿಗೆ ನಡುವೆ ಉದ್ದಕ್ಕೆ ಸೀಳಿತು. ಮರ ಹಸಿಯಿತ್ತೇ? ಮೋಸವೇ?

ಉತ್ತರ: ಮೋಸ ಅನ್ನಲಾರೆ. ತಿಳಿವಳಿಕೆ ಸಾಲದು. ಮರ ಕಡಿದು ನೂರು ವರ್ಷವಾದರೂ ಗಾಳಿಯ ಜೊತೆ ಕೊಡು-ತಗೊಳ್ಳುವ ವ್ಯವಹಾರ ಬಿಡುವುದಿಲ್ಲ. ಗಾಳಿಯಲ್ಲಿ ಪಸೆ ಇದ್ದರೆ ಹಿಗ್ಗುತ್ತದೆ, ಒಣಗಿದ್ದರೆ ಕುಗ್ಗುತ್ತದೆ. ಉದ್ದಕ್ಕೆ ಬದಲಾವಣೆ ಇಲ್ಲವೇ ಇಲ್ಲ ಅನ್ನಬಹುದು, ಎಲ್ಲಾ ಅಗಲಕ್ಕೇ. ಅದರಲ್ಲೂ ದಿಮ್ಮಿಯ ಅಂಚಿನ ಕಡೆಯಿಂದ ಕೊಯ್ದ ಹಲಗೆ, ನಡುವಿನಿಂದ ಕೊಯ್ದದ್ದಕ್ಕಿಂತ ಸುಮಾರು ಎರಡರಷ್ಟು ಕುಗ್ಗುತ್ತದೆ. ಮೂರಡಿ ಅಗಲದ ಮೇಜು ನಮ್ಮ ಮಳೆಯಿಂದ ನಿಮ್ಮ ಬಿಸಿಲಿಗೆ ಬಂದರೆ ಎರಡು ಮೂರು ನೂಲು ಕಿರಿದಾಗುವುದು ಸಹಜ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಆ ಬಡಗಿ ಹಲಗೆಯನ್ನು ಎರಡೂ ಬದಿಗೆ ಸ್ಕ್ರೂ ಹಾಕಿ ಕೆಳಗಿನ ಚೌಕಟ್ಟಿಗೆ ಬಿಗಿದಿರುತ್ತಾನೆ. ಕುಗ್ಗಬೇಕಾದ ಹಲಗೆಗೆ ಬಿಡಲಿಲ್ಲ ಅಂದರೆ ಅದು ಸೀಳಿಯೇ ಜಾಗ ಮಾಡಿಕೊಳ್ಳುತ್ತದೆ.

ಮೇಜು ತಿರುಗಿಸಿ ಕೆಳಗಡೆ ನೋಡಿ. ಸ್ಕ್ರೂಗಳನ್ನೆಲ್ಲ ಬಿಚ್ಚಿಸಿ, ಚೌಕಟ್ಟಿನಲ್ಲಿರುವ ತೂತನ್ನು ಅಗಲದ ದಿಕ್ಕಿಗೆ ಉದ್ದ ಮಾಡಿಸಿ, ವಾಷರ್ ಹಾಕಿ ಅರೆಬಿಗಿ ಮಾಡಿಸಿ. ಆಮೇಲೆ ಸೀಳನ್ನು ಗೋಂದು ಹಾಕಿ ಒತ್ತಿದರೆ ಕೂಡುತ್ತದೆ. ಪುಟ್ಟಿ ತುಂಬುತ್ತೇನೆ ಅಂದವರನ್ನು ಒಳಗೆ ಬಿಡಬೇಡಿ.

ಪ್ರಶ್ನೆ: ಮಗಳ ಮದುವೆಗೆ ಬೀಟೆ ಮಂಚವೇ ಬೇಕು ಅಂತ ಆಸೆ. ಕಡಿಮೆಗೆ ಎಲ್ಲಿ ಸಿಗುತ್ತದೆ?

ಉತ್ತರ: ಕಡಿಮೆಗೆ ಸಿಕ್ಕರೆ ಅದು ಬೀಟೆಯಲ್ಲ, ಇಲ್ಲಾ ಕಳ್ಳಮಾಲು. ನಿಮ್ಮ ತೋಟದ್ದೇ ಆದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ಹಳೆ ಮನೆ ಕೆಡವುವಲ್ಲಿ ಕಂಬ, ತೊಲೆ ಸಿಕ್ಕರೆ ಕಾಗದಪತ್ರ ನೋಡಿ ತಗೊಳ್ಳಿ. ಇಲ್ಲವಾದರೆ ಹಲಸು. ವೀಣೆಗೂ ಅದೇ, ಯಕ್ಷಗಾನದ ಮದ್ದಳೆಗೂ ಅದೇ. ಮಂಚಕ್ಕೆ ಕಡಿಮೆಯೇ? ಕೊಯ್ದಾಗ ಅರಿಸಿನದ ಹಾಗಿರುತ್ತದೆ, ನೆಂಟರು ‘ಇದೇನು ಹಳದಿ’ ಅಂತಾರೆ. ಮಗಳಿಗೆ ಮಗುವಾಗುವ ಹೊತ್ತಿಗೆ ಬೆಳಕು ಕುಡಿದು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಭಾಗ ಬಿಟ್ಟು ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಮಾತ್ರ ಬಳಸಲು ಹೇಳಿ, ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತದೆ.

ಪ್ರಶ್ನೆ: ತೊಟ್ಟಿಲಿಗೆ ಕೆಮಿಕಲ್ ಇಲ್ಲದ ಪಾಲಿಶ್ ಯಾವುದು? ಅಗಸೆ ಎಣ್ಣೆ ಹಚ್ಚಬಹುದಾ? (ಮೈಸೂರಿನಿಂದ)

ಉತ್ತರ: ಅಗಸೆ ಎಣ್ಣೆ ಒಳ್ಳೆಯದೇ, ಆದರೆ ಅಡುಗೆಯ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಮಗು ಬರುವುದರೊಳಗೆ ಒಣಗದಿದ್ದರೆ ಕಷ್ಟ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ತೆಳ್ಳಗೆ ನಾಲ್ಕೈದು ಸಲ ಹಚ್ಚಿ. ಸ್ಪಿರಿಟ್ ಹಾರಿಹೋಗುತ್ತದೆ, ಅರಗು ಉಳಿಯುತ್ತದೆ. ಚನ್ನಪಟ್ಟಣದ ಬೊಂಬೆಗೆ ಹಾಕುವುದೂ ಅರಗೇ. ಒಂದು ಎಚ್ಚರಿಕೆ, ದಪ್ಪಕ್ಷರದಲ್ಲಿ ಓದಿಕೊಳ್ಳಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಒಳಗೇ ಕಾವು ಹುಟ್ಟಿ, ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪ್ರಶ್ನೆ: ನೆಮ್ಮದಿ, ಸುಖ ಎಲ್ಲಾ ನಿಮಗೆ ಸರಿ. ಮನೆಯವರನ್ನು ಒಂದು ಸಲ ಕೇಳಿ ನೋಡಿದ್ದೀರಾ? (ಶಿರಸಿಯಿಂದ ಒಬ್ಬ ಗೃಹಿಣಿ)

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮನೆಯವಳಿಗೆ ಓದಿ ಹೇಳಿದೆ. ಕೆಸುವಿನ ಸೊಪ್ಪು ಹೆಚ್ಚುತ್ತಿದ್ದವಳು ಮೆಟ್ಟುಗತ್ತಿ ಬದಿಗಿಟ್ಟು, ‘ನಾನು ಹೇಳಿದ್ದನ್ನು ಹಾಗೇ ಬರೀತೀರಾ?’ ಅಂತ ಕೇಳಿದಳು. ಬರೆಯುತ್ತೇನೆ ಅಂದೆ. ಹಾಗೇ ಬರೆದಿದ್ದೇನೆ:

‘ಅಡುಗೆಮನೆಗೆ ಒಂದು ಕಪಾಟು ಮಾಡಿಕೊಡ್ತೀನಿ ಅಂದಿದ್ದು 2009ರಲ್ಲಿ. ಇವತ್ತಿಗೂ ನಮ್ಮ ಡಬ್ಬಿಗಳು ಕೂತಿರೋದು ಸೇಬಿನ ಪೆಟ್ಟಿಗೆ ಹಲಗೆ ಮೇಲೆ. ಹಾಸಿಗೆಯಲ್ಲಿ ಹೊಟ್ಟು, ಅನ್ನದಲ್ಲಿ ಹೊಟ್ಟು. ಕುರ್ಚಿ ಹೋಗದ ತಿಂಗಳಲ್ಲಿ ಮಗಳ ಫೀಸು ಕಟ್ಟಿದ್ದು ನನ್ನ ಹೊಲಿಗೆ ಮೆಷಿನ್ನು. ಇವರ ನೆಮ್ಮದಿಗೆ ನಾಲ್ಕು ಕಾಲಿದ್ರೆ ಅದರಲ್ಲಿ ಒಂದು ಕಾಲು ಅದು. ಅದನ್ನೂ ಬರೀರಿ.’

ಬರೆದೆ. ಬೆಂಗಳೂರಿನ ಸಾಫ್ಟ್‌ವೇರ್ ಸ್ನೇಹಿತರೂ ಇದನ್ನು ಎರಡು ಸಲ ಓದಲಿ. ಹಾಗಾದರೆ ಈ ಕೆಲಸ ಬಿಟ್ಟುಬಿಡಲಾ ಅಂತ ಅವಳನ್ನು ಕೇಳಿದೆ. ಅದಕ್ಕೆ ಬಂದ ಉತ್ತರ: ‘ಬೇಡಪ್ಪಾ. 1999ರಲ್ಲಿ ಎರಡು ತಿಂಗಳು ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಹೋಗಿದ್ರಲ್ಲ. ಮನೆಗೆ ಬಂದು ಗೋಡೆ ನೋಡ್ಕೊಂಡು ಕೂರ್ತಿದ್ರಿ. ಆ ಮುಖ ನೋಡೋದಕ್ಕಿಂತ ಹೊಟ್ಟು ಗುಡಿಸೋದೇ ವಾಸಿ.’

ಕಪಾಟಿಗೆ ಹಲಗೆ ತೆಗೆದಿಟ್ಟಿದ್ದೇನೆ. ಈ ಮಳೆಗಾಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ತರೀಕೆರೆ. ನಮ್ಮ ಕೆಲಸದಲ್ಲಿ ತಪ್ಪಾದರೆ ಮಾರನೇ ದಿನ ಬೋರ್ಡು ಒರೆಸಿ ತಿದ್ದಬಹುದಿತ್ತು. ನಿಮ್ಮದು ಹಾಗಲ್ಲ. ಕೈಬಿಟ್ಟು ಹೋದ ಕುರ್ಚಿಯಲ್ಲಿ ತಪ್ಪು ಉಳಿದುಹೋಗಿದೆ ಅಂತ ಗೊತ್ತಿದ್ದರೆ ನಿದ್ದೆ ಹೇಗೆ ಬರುತ್ತದೆ?

ಉತ್ತರ: ಮೇಷ್ಟ್ರೇ, ಬಹಳ ವರ್ಷ ಬರುತ್ತಿರಲಿಲ್ಲ.

ನಾನು ಕಲಿತದ್ದು ಸೋದರಮಾವನ ಹತ್ತಿರ. 1982ರಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ ಹೋಗಿ ನಿಂತೆ. ನಮ್ಮೂರಿನ ಗುಡಿಗಾರರು ಶ್ರೀಗಂಧದಲ್ಲಿ ಮಾಡುವ ಕುಸುರಿ ಕೆತ್ತನೆ ನಮ್ಮದಲ್ಲ. ನಾವು ಕೂರುವ, ಮಲಗುವ ಸಾಮಾನು ಮಾಡುವವರು. ಮಾವನಿಗೆ ಜೋಡಣೆಯೇ ದೇವರು. ಒಂದು ತುಂಡಿನ ತುದಿಯಲ್ಲಿ ನಾಲಿಗೆಯ ಹಾಗೆ ಬಿಟ್ಟು, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ತೂತು ಕೊರೆದು ಕೂಡಿಸುತ್ತೇವಲ್ಲ, ಅದನ್ನು ಸಂಜೆ ಲಾಟೀನಿಗೆ ಹಿಡಿದು ನೋಡುತ್ತಿದ್ದರು. ಸಂದಿಯಲ್ಲಿ ಬೆಳಕು ಕಂಡರೆ ಮಾತಿಲ್ಲ, ಕೊಡತಿಯಿಂದ ಒಂದೇ ಏಟು. ಎರಡು ದಿನದ ಕೆಲಸ ಒಲೆಗೆ. ನಾನು ಮೊದಲ ವರ್ಷ ಮಾಡಿದ ಸ್ಟೂಲುಗಳಿಂದ ಎಷ್ಟು ಹಂಡೆ ನೀರು ಕಾದಿದೆಯೋ. ಆಮೇಲೆ ಸ್ವಂತ ಶೆಡ್ಡು ಹಾಕಿದ ಮೇಲೂ ಆ ಲಾಟೀನು ನನ್ನ ತಲೆಯಲ್ಲಿ ಉರಿಯುತ್ತಲೇ ಇತ್ತು. ಗಿರಾಕಿ ದುಡ್ಡು ಕೊಟ್ಟು ಹೊಗಳಿ ಹೋದರೂ, ಆ ಹಿಂಗಾಲಿನ ಒಳಗೆ ಅರ್ಧ ನೂಲು ಸಡಿಲ ಇದೆಯಲ್ಲಾ ಅಂತ ರಾತ್ರಿ ಎದ್ದು ಕೂರುತ್ತಿದ್ದೆ.

ಮಾವ ತೀರಿಕೊಂಡರು. 2015ರಲ್ಲಿ ಇಲ್ಲೇ ಹತ್ತಿರದ ಒಂದು ಅಡಿಕೆ ತೋಟದ ಮನೆಯವರು ಒಂದು ಆರಾಮ ಕುರ್ಚಿ ತಂದರು. ಮಾವ 1975ರಲ್ಲಿ ಅವರ ತಂದೆಗೆ ಮಾಡಿಕೊಟ್ಟಿದ್ದು. ಕೈ ಇಡುವ ಪಟ್ಟಿ ಸ್ವಲ್ಪ ಅಲ್ಲಾಡುತ್ತಿತ್ತು, ಅಷ್ಟೇ. ಮಾವನ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಪಟ್ಟಿಯ ತುದಿಯನ್ನು ಹೆಬ್ಬೆರಳು ಕೂರುವಷ್ಟು ತಗ್ಗು ಮಾಡುವುದು ಅವರೊಬ್ಬರದೇ ಅಭ್ಯಾಸ. ಆ ಕಾಲದಲ್ಲಿ ಅಂಟಿಸುತ್ತಿದ್ದದ್ದು ಮರವಜ್ರದಲ್ಲಿ. ಚರ್ಮ, ಮೂಳೆ ಬೇಯಿಸಿ ಮಾಡಿದ ಗೋಂದು, ವಾಸನೆ ಮಾತ್ರ ಕೇಳಬೇಡಿ. ಅದರ ದೊಡ್ಡ ಗುಣ ಅಂದರೆ ಬಿಸಿ, ಒದ್ದೆ ತಾಗಿದರೆ ಬಿಟ್ಟುಕೊಡುತ್ತದೆ. ಈಗಿನ ಗೋಂದಿಗೆ ಆ ಮರ್ಯಾದೆ ಇಲ್ಲ. ಮರ ಹರಿದರೂ ಬಿಡುವುದಿಲ್ಲ.

ಬಿಸಿನೀರಿನ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು, ಮೆಲ್ಲಗೆ ತಿರುಗಿಸಿ ಎಳೆದೆ. ಟಕ್ ಅಂತ ಬಿಚ್ಚಿತು. ನಾಲಿಗೆಯ ಒಂದು ಬದಿಗೆ ಏನೋ ಕಂದು ಬಣ್ಣದ್ದು ಅಂಟಿಕೊಂಡಿತ್ತು. ಮರದ ಸಿಪ್ಪೆ ಅಂದುಕೊಂಡೆ. ಉಳಿಯ ತುದಿಯಿಂದ ಎಬ್ಬಿಸಿ ಬೆಳಕಿಗೆ ಹಿಡಿದರೆ, ಅಡಿಕೆ ಹಾಳೆ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ಒಂದೂವರೆ ಇಂಚಿನ ಪಟ್ಟಿ. ಮಾವನ ನಾಲಿಗೆ ಸಣ್ಣದಾಗಿತ್ತು! ಸಂದಿ ಬಿಟ್ಟಿತ್ತು! ಯಾರಿಗೂ ಕಾಣದ ಹಾಗೆ ಹಾಳೆ ತುರುಕಿ, ವಜ್ರ ಹಾಕಿ, ಮುಚ್ಚಿ ಕಳಿಸಿದ್ದಾರೆ ಮಹಾನುಭಾವರು. ನಲವತ್ತು ವರ್ಷ ನಿಂತಿದೆ.

ಎಷ್ಟು ನಕ್ಕೆ ಅಂದರೆ ಮನೆಯವಳು ಒಳಗಿಂದ ಓಡಿಬಂದಳು. ನಗುತ್ತಾ ನಗುತ್ತಾ ಕಣ್ಣೂ ಒದ್ದೆಯಾಯಿತು, ಯಾಕೋ ಗೊತ್ತಿಲ್ಲ. ಒಲೆಗೆ ಹೋದ ಸ್ಟೂಲುಗಳೆಲ್ಲ ನೆನಪಾದವು.

ಹೊಸ ಹಾಳೆ ತಂದು, ಅಷ್ಟೇ ಅಳತೆಗೆ ಕತ್ತರಿಸಿ, ಅದೇ ಜಾಗಕ್ಕೆ ಇಟ್ಟು ಕೂಡಿಸಿದೆ. ಮರದ್ದೇ ತೆಳು ಪಟ್ಟಿ ಅಂಟಿಸುವುದು ಸರಿಯಾದ ಕ್ರಮ, ನನಗೆ ಗೊತ್ತು. ಆ ಮನೆಯವರಿಗೆ ಏನೂ ಹೇಳಲಿಲ್ಲ. ಈಗ ಪತ್ರಿಕೆಯಲ್ಲಿ ಓದಿದರೆ ಬಂದು ಬೈಯಲಿ, ಕಾಫಿ ಕೊಡುತ್ತೇನೆ. ನಾನು ಮಾಡಿದ ಕುರ್ಚಿಗಳಲ್ಲೂ ಎರಡು ಕಡೆ ಹಾಳೆ ಇದೆ ಮೇಷ್ಟ್ರೇ. ಯಾವ ಊರಲ್ಲಿ, ಯಾವ ಕಾಲಲ್ಲಿ ಅಂತ ಮಾತ್ರ ಕೇಳಬೇಡಿ.